ಹಿತ್ತಲ ಕೋಳಿಯ ಒಲವು ಮತ್ತು ಚೇಷ್ಟೆ: ಅರಿತು ಸಾಕುವ ಬಗೆ

ನಮ್ಮ ಹಳ್ಳಿಗಳಲ್ಲಿ ಹಿತ್ತಲ ಕೋಳಿ ಸಾಕುವುದು ಹೊಸದೇನಲ್ಲ. ಇತ್ತೀಚೆಗೆ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಂಥ ವಸತಿ ಪ್ರದೇಶಗಳಲ್ಲಿ ಮನೆ ಮಾಡಿದ ಕೃಷಿಕ ಕುಟುಂಬದವರೂ, ಸ್ಥಳವಿದ್ದರೆ, ನಾಲ್ಕಾರು ಕೋಳಿ ಸಾಕಲು ಆಸಕ್ತಿ ತೋರುವುದುಂಟು. ಹೀಗೆ ಕಡಿಮೆ ಸಂಖ್ಯೆಯಲ್ಲಿ ಸಾಕಿದ ಕೋಳಿಗಳು ಮನೆಯವರೊಡನೆ ಬಹಳ ಬೇಗ ಸಲಿಗೆ ಬೆಳೆಸುತ್ತವೆ. ಕರೆದರೆ ಓಡಿ ಬರುತ್ತವೆ, ಮಡಿಲೇರುತ್ತವೆ, ಹಿಂದೆ ಹಿಂದೆ ಸುತ್ತುತ್ತವೆ. ಈ ನಡವಳಿಕೆಗಳು ನೋಡಲು ಚೆಂದ. ಅಷ್ಟೇ ಅಲ್ಲ, ಕೋಳಿಯ ಆರೋಗ್ಯ, ಮೊಟ್ಟೆಯ ಕಾಲ, ಬರಲಿರುವ ರೋಗ ಇವೆಲ್ಲದರ ಸೂಚನೆಯೂ ಅವುಗಳಲ್ಲೇ ಅಡಗಿರುತ್ತದೆ. ಆದ್ದರಿಂದ ಪ್ರತಿಯೊಬ್ಬ ಸಾಕಣೆದಾರನೂ ಇವುಗಳ ಅರ್ಥ ತಿಳಿದಿರುವುದು ಅವಶ್ಯಕ.

ಸಲಿಗೆ ಬೆಳೆಯುವುದು ಹೇಗೆ?

ಕಾವಿನ 21 ದಿನಗಳಲ್ಲಿ ಕೊನೆಯ ಒಂದೆರಡು ದಿನ ಮರಿ ಮೊಟ್ಟೆಯೊಳಗಿನಿಂದಲೇ ಚಿಂವ್‌ಗುಟ್ಟುತ್ತದೆ. ತಾಯಿ ಹೇಂಟೆ ಅದಕ್ಕೆ ಮೆಲುದನಿಯಲ್ಲಿ ಓಗೊಡುತ್ತದೆ. ಹೊರಬಂದ ಮರಿ ಮೊದಲು ಕಂಡ ಚಲಿಸುವ ಆಕಾರದ ಬೆನ್ನು ಹತ್ತುತ್ತದೆ. ಈ ಗುಣವನ್ನು ಹೆಬ್ಬಾತಿನ ಮರಿಗಳಲ್ಲಿ ವಿವರವಾಗಿ ಅಭ್ಯಾಸ ಮಾಡಿದ ಆಸ್ಟ್ರಿಯಾದ ವಿಜ್ಞಾನಿ ಕೊನ್ರಾಡ್ ಲೊರೆನ್ಸ್ 1935ರಲ್ಲಿ ತಮ್ಮ ವಿವರಣೆ ಪ್ರಕಟಿಸಿದರು. ಪ್ರಾಣಿಗಳ ನಡವಳಿಕೆಯ ಅಭ್ಯಾಸಕ್ಕಾಗಿ 1973ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು. ತಾಯಿಯಿಲ್ಲದೆ ಬಲ್ಬಿನ ಶಾಖದಲ್ಲಿ ಬೆಳೆದ ಮರಿಗಳು ಮೇವು ಹಾಕುವ ಕೈಯನ್ನೇ ತಾಯಿಯೆಂದು ಭಾವಿಸುವುದು ಇದರಿಂದಲೇ.

ಮರಿಗಳನ್ನು ಪಳಗಿಸಬೇಕಾದರೆ ಮೊದಲ ವಾರದಿಂದಲೇ ದಿನವೂ ಒಂದೇ ಹೊತ್ತಿಗೆ, ಒಂದೇ ಕೂಗಿನಿಂದ ಕರೆದು, ಅಂಗೈಯಲ್ಲಿ ಸ್ವಲ್ಪ ನುಚ್ಚು ಅಥವಾ ಒಡೆದ ಮೆಕ್ಕೆಜೋಳ ಕೊಡಿ. ಮೇಲಿನಿಂದ ಫಕ್ಕನೆ ಹಿಡಿಯಬೇಡಿ. ಹದ್ದು ಎರಗುವುದು ಮೇಲಿನಿಂದಲೇ ಆದ ಕಾರಣ ಕೋಳಿ ಅದಕ್ಕೆ ಸಹಜವಾಗಿ ಅಂಜುತ್ತದೆ. ಕುಳಿತು, ಬದಿಯಿಂದ, ಎದೆಯ ಕೆಳಗೆ ಕೈ ಕೊಟ್ಟು ಎತ್ತಬೇಕು. ನಮ್ಮೂರಿನ ಮಂಡಕ್ಕಿಯನ್ನು ಒಣದಾಗಿ ನಾಲ್ಕು ಕಾಳು ಹಾಕಿದರೆ ಅಡ್ಡಿಯಿಲ್ಲ. ಆದರೆ ಅದು ಮೇವಿಗೆ ಬದಲಿಯಲ್ಲ. ಉಪ್ಪು, ಎಣ್ಣೆ, ಖಾರ ಹಾಕಿದ ಒಗ್ಗರಣೆ ಮಂಡಕ್ಕಿಯನ್ನು ಎಂದೂ ಕೊಡಬೇಡಿ. ಹೆಚ್ಚು ಉಪ್ಪು ಕೋಳಿಗೆ ವಿಷ.

ಚೇಷ್ಟೆಗಳು ಮತ್ತು ಅವುಗಳ ಅರ್ಥ

1. ಮುಂದೆ ಬಂದು ಕುಕ್ಕರಿಸುವುದು: ಹತ್ತಿರ ಹೋದಾಗ ಹೇಂಟೆ ರೆಕ್ಕೆ ಅಗಲಿಸಿ ನೆಲಕ್ಕೆ ಕೂರುತ್ತದೆ. ಇದನ್ನು ನಮಸ್ಕಾರವೆಂದು ಮಕ್ಕಳು ನಗುವುದುಂಟು. ವಾಸ್ತವವಾಗಿ ಇದು ಹುಂಜಕ್ಕೆ ತೋರುವ ಒಪ್ಪಿಗೆ. ಎಳೆಯ ಹೇಂಟೆಯಲ್ಲಿ ಇದು ಕಂಡರೆ ಮೊಟ್ಟೆ ಶುರುವಾಗುವ ಕಾಲ ಹತ್ತಿರ ಬಂತೆಂದು ತಿಳಿದು, ಕತ್ತಲಿರುವ ಮೂಲೆಯಲ್ಲಿ ಹುಲ್ಲು ಹಾಸಿದ ಬುಟ್ಟಿ ಇಡಿ; ಸುಣ್ಣದ ಅಂಶಕ್ಕೆ ಕಪ್ಪೆಚಿಪ್ಪಿನ ಪುಡಿ ಒದಗಿಸಿ.

2. ಸತ್ತಂತೆ ಬೀಳುವುದು: ಬಿಸಿಲಲ್ಲಿ ಒಂದು ಮಗ್ಗುಲಾಗಿ ಬಿದ್ದು, ಕಾಲು ಚಾಚಿ, ಮಣ್ಣೆರಚಿಕೊಂಡು ಹೊರಳಾಡುವುದು ಕೋಳಿಯ ಧೂಳು ಸ್ನಾನ. ಇದರಿಂದ ಹೇನಿನ ಕಾಟ ಕಡಿಮೆಯಾಗುತ್ತದೆ, ಗರಿಯ ಹೆಚ್ಚಿನ ಜಿಡ್ಡು ಹೋಗುತ್ತದೆ. ಸಿಮೆಂಟು ಹಾಕಿದ ಅಂಗಳದಲ್ಲಿ ಇದಕ್ಕೆ ಅವಕಾಶವಿಲ್ಲ. ಹಳೆಯ ಬಾಂಡ್ಲಿಯೊಂದರಲ್ಲಿ ಒಣಮಣ್ಣು ಮತ್ತು ಜರಡಿ ಹಿಡಿದ ಸೌದೆ ಬೂದಿ ತುಂಬಿ, ಮಳೆ ತಾಗದ ಕಡೆ ಇಡಿ.

3. ಹುಂಜದ ಔದಾರ್ಯ: ಕಾಳು ಸಿಕ್ಕಾಗ ಹುಂಜ ತಾನು ತಿನ್ನದೆ, ಕುಕ್ ಕುಕ್ ಎನ್ನುತ್ತ ಅದನ್ನು ಎತ್ತಿ ಎತ್ತಿ ಬೀಳಿಸಿ ಹೇಂಟೆಗಳನ್ನು ಕರೆಯುತ್ತದೆ. ಇದು ಹೇಂಟೆಯನ್ನು ಒಲಿಸುವ ಉಪಾಯ. ಹದ್ದು ಕಂಡರೆ ಒಂದು ಕೂಗು, ನಾಯಿ, ಮುಂಗುಸಿ ಬಂದರೆ ಬೇರೆಯೇ ಕೂಗು ಹಾಕಿ ಗುಂಪನ್ನು ಎಚ್ಚರಿಸುವುದೂ ಹುಂಜವೇ.

4. ಬೆಳಗಿನ ಕೂಗು: ಹುಂಜ ಬೆಳಕನ್ನು ಕಂಡು ಮಾತ್ರ ಕೂಗುವುದಿಲ್ಲ. ಅದರ ದೇಹದಲ್ಲೇ ಗಡಿಯಾರವಿದೆ ಎಂದು ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋರಿಸಿದ್ದಾರೆ. ತಿನ್ನುವ ಮೊಟ್ಟೆಗೆ ಹುಂಜ ಬೇಕಿಲ್ಲ. ಮರಿ ಮಾಡಿಸಲು ಮಾತ್ರ ಬೇಕು. ಮನೆಗಳು ಒತ್ತಾಗಿರುವ ಬಡಾವಣೆಯಲ್ಲಿ ನೆರೆಯವರ ನಿದ್ದೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

5. ಗುಂಪಿನ ಮೇಲುಕೀಳು: ಯಾವ ಕೋಳಿ ಯಾವುದನ್ನು ಕುಕ್ಕಬಹುದು ಎಂಬುದಕ್ಕೆ ಗುಂಪಿನಲ್ಲಿ ಕಟ್ಟುನಿಟ್ಟಾದ ಕ್ರಮವಿದೆ. ನಾರ್ವೆಯ ಥೋರ್ಲೀಫ್ ಶೆಲ್ಡೆರುಪ್-ಎಬ್ಬೆ ಇದನ್ನು 1920ರ ದಶಕದ ಆರಂಭದಲ್ಲಿ ವಿವರಿಸಿದರು. ಹೊಸ ಕೋಳಿ ತಂದರೆ ಈ ಕ್ರಮ ಕದಡಿ ಕಾದಾಟವಾಗುತ್ತದೆ. ಆದ್ದರಿಂದ ಎರಡು ವಾರ ದೂರವಿರಿಸಿ ರೋಗವಿಲ್ಲವೆಂದು ಖಚಿತಮಾಡಿಕೊಳ್ಳಿ. ನಂತರ ಕೆಲವು ದಿನ ಜಾಲರಿಯ ಆಚೆ ಈಚೆ ಇರಿಸಿ, ರಾತ್ರಿ ಹೊತ್ತು ಗೂಡಿಗೆ ಸೇರಿಸಿ. ಕೆಳಗಿನ ಸ್ಥಾನದ ಕೋಳಿಗೂ ಮೇವು ದಕ್ಕುವಂತೆ ಎರಡು ಕಡೆ ತಟ್ಟೆ ಇಡಿ.

6. ಕಾವಿನ ಹಟ: ಅಕ್ಕರೆಯ ಹೇಂಟೆ ಒಮ್ಮೆಲೇ ಗರಿಗೆದರಿ, ಗೊರಗುಟ್ಟಿ, ಕೈ ಕುಕ್ಕಿದರೆ ಅದು ಕಾವಿಗೆ ಕೂತಿದೆ ಎಂದರ್ಥ. ನಾಟಿ ಕೋಳಿಯಲ್ಲಿ ಈ ಗುಣ ಹೆಚ್ಚು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಗಿರಿರಾಜದಂಥ ಸುಧಾರಿತ ತಳಿಯಲ್ಲಿ ಕಡಿಮೆ. ಆದ್ದರಿಂದ ಗಿರಿರಾಜದ ಮೊಟ್ಟೆಯನ್ನು ನಾಟಿ ಹೇಂಟೆಯ ಕಾವಿಗಿಟ್ಟು ಮರಿ ಮಾಡಿಸಬಹುದು. ಮರಿ ಬೇಡವಾದರೆ, ನೆಲವೂ ಜಾಲರಿಯಾಗಿರುವ ಗಾಳಿಯಾಡುವ ಪಂಜರದಲ್ಲಿ, ಹುಲ್ಲು ಹಾಸದೆ, ಮೇವು ನೀರು ಕೊಟ್ಟು ಮೂರು ನಾಲ್ಕು ದಿನ ಇರಿಸಿದರೆ ಕಾವು ಬಿಡುತ್ತದೆ.

ಎಚ್ಚರಿಕೆಯ ಮಾತು: ಅತಿ ಸಾಧುತನ

ಎಲ್ಲಕ್ಕಿಂತ ಮುಖ್ಯವಾದ ಅಂಶ ಇದು. ಕೋಳಿ ತನ್ನ ಕಾಯಿಲೆಯನ್ನು ಆದಷ್ಟು ಮುಚ್ಚಿಡುತ್ತದೆ. ಸೋತದ್ದು ಕಂಡರೆ ಉಳಿದವು ಕುಕ್ಕುತ್ತವೆ, ವೈರಿ ಹಿಡಿಯುತ್ತದೆ. ಹೀಗಿರುವಾಗ ಎಂದೂ ಕೈಗೆ ಸಿಗದ ಕೋಳಿ ಇದ್ದಕ್ಕಿದ್ದಂತೆ ಹಿಡಿಯಲು ಬಿಟ್ಟರೆ, ಮಡಿಲಲ್ಲಿ ಕಣ್ಣು ಮುಚ್ಚಿ ಕೂತರೆ, ಅದು ಪ್ರೀತಿಯೆಂದು ಹಿಗ್ಗಬೇಡಿ. ಸಲಿಗೆಯ ಕೋಳಿ ಕಣ್ಣು ಚುರುಕಾಗಿಟ್ಟು, ಕಾಳಿಗಾಗಿ ಕೈ ಹುಡುಕುತ್ತದೆ. ಕಾಯಿಲೆಯ ಕೋಳಿ ಕಾಳನ್ನು ನೋಡುವುದೇ ಇಲ್ಲ. ಗರಿ ಉಬ್ಬಿದೆಯೇ, ರೆಕ್ಕೆ ಜೋತಿದೆಯೇ, ಜುಟ್ಟು ಬಿಳಚಿದೆಯೇ ಅಥವಾ ನೀಲಿಯಾಗಿದೆಯೇ, ಹಿಕ್ಕೆ ಹಸಿರಾಗಿದೆಯೇ, ಬಾಯಿ ತೆರೆದು ಉಸಿರಾಡುತ್ತಿದೆಯೇ ಎಂದು ಪರೀಕ್ಷಿಸಿ. ಬೇಸಿಗೆಯ ನಡುಹಗಲಲ್ಲಿ ಎಲ್ಲ ಕೋಳಿಗಳೂ ಬಾಯಿ ತೆರೆದು ಏದುಸಿರು ಬಿಡುವುದು ಸೆಖೆಯಿಂದ. ನೆರಳು, ತಣ್ಣೀರು ಕೊಡಿ. ಆದರೆ ಬೆಳಗಿನ ತಂಪಿನಲ್ಲೂ ಒಂದು ಕೋಳಿ ಹಾಗೆ ಮಾಡಿದರೆ ಅದನ್ನು ತಕ್ಷಣ ಬೇರ್ಪಡಿಸಿ.

ಕತ್ತು ತಿರುಚುವುದು, ಕಾಲು ಸೋಲುವುದು, ಹಸಿರು ಭೇದಿ ರಾಣಿಖೇತ್ ರೋಗದ ಲಕ್ಷಣಗಳು. ಇದಕ್ಕೆ ಔಷಧಿಯಿಲ್ಲ, ಲಸಿಕೆಯೊಂದೇ ದಾರಿ. ಮರಿಗೆ 5ರಿಂದ 7 ದಿನದೊಳಗೆ ಲಸೋಟ ಲಸಿಕೆಯ ಒಂದು ಹನಿಯನ್ನು ಕಣ್ಣಿಗೆ ಅಥವಾ ಮೂಗಿಗೆ ಹಾಕಿಸಿ, ಮುಂದಿನ ಲಸಿಕೆಗಳನ್ನು ಪಶುವೈದ್ಯರು ಹೇಳಿದಂತೆ ಹಾಕಿಸಿ. ಕೋಳಿಗಳು ಒಂದರ ಹಿಂದೆ ಒಂದು ಸತ್ತರೆ ಮುಟ್ಟದೆ, ಮಾರದೆ, ಚರಂಡಿಗೆ ಎಸೆಯದೆ, ಸಮೀಪದ ಪಶು ಆಸ್ಪತ್ರೆಗೆ ಕೂಡಲೇ ತಿಳಿಸಿ.

ಮಕ್ಕಳ ವಿಷಯ

ಕೋಳಿ ಎಲ್ಲವನ್ನೂ ಕೊಕ್ಕಿನಿಂದಲೇ ಪರೀಕ್ಷಿಸುತ್ತದೆ. ಹೊಳೆಯುವ ಮೂಗುತಿ, ಓಲೆ, ಅಂಗಿಯ ಗುಂಡಿ ಕಂಡರೆ ಕುಕ್ಕುತ್ತದೆ. ಆದ್ದರಿಂದ ಮಗುವಿನ ಮುಖದ ಹತ್ತಿರ ಕೋಳಿ ಹಿಡಿಯಬಾರದು. ಆರೋಗ್ಯವಾಗಿ ಕಾಣುವ ಕೋಳಿಯ ಹಿಕ್ಕೆಯಲ್ಲೂ ಭೇದಿ ತರುವ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಮುದ್ದಿಡುವುದನ್ನು ತಪ್ಪಿಸಿ, ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವ ರೂಢಿ ಮಾಡಿಸಿ.

ದಿನವೂ ಬೆಳಿಗ್ಗೆ ಗೂಡಿನ ಬಾಗಿಲು ತೆರೆದಾಗ ಐದು ನಿಮಿಷ ನಿಂತು ನೋಡಿ. ಯಾವುದು ಮೊದಲು ಹೊರಬಂತು, ಯಾವುದು ಹಿಂದೆ ಉಳಿಯಿತು, ಯಾವುದು ಕರೆದರೂ ಬರಲಿಲ್ಲ ಎಂಬುದನ್ನು ಗಮನಿಸಿ. ಪ್ರತಿ ಕೋಳಿಯ ಸ್ವಭಾವ ಬಲ್ಲವನಿಗೆ ಅದರಲ್ಲಾದ ಬದಲಾವಣೆ ಮೊದಲ ದಿನವೇ ಕಾಣುತ್ತದೆ. ಹಿತ್ತಲ ಹಿಂಡನ್ನು ಉಳಿಸಿಕೊಳ್ಳಲು ಆ ಒಂದು ದಿನವೇ ಬಹಳ ಬೆಲೆಯುಳ್ಳದ್ದು.