ತೋಟದ ಮನೆಯ ಅತಿಥಿ ಮತ್ತು ತೆರಿಗೆಯ ಲೆಕ್ಕ

ಮನೆಯ ಒಂದೆರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡುವ ಹೋಂಸ್ಟೇ ಈಗ ಮಲೆನಾಡು ಹಾಗೂ ಕೊಡಗಿನ ಅನೇಕ ಸಣ್ಣ ಬೆಳೆಗಾರರಿಗೆ ಉಪ ಆದಾಯವಾಗಿದೆ. ಅಡಿಕೆಗೆ ಕೊಳೆ ರೋಗ ಬಂದ ವರ್ಷ, ಕಾಫಿಗೆ ಬೆಲೆ ಬಿದ್ದ ವರ್ಷ ಈ ಹಣ ಕೈ ಹಿಡಿದದ್ದುಂಟು. ಆದರೆ ಅತಿಥಿಗಳಲ್ಲಿ ಅನೇಕರು ಆನ್‌ಲೈನ್ ಬುಕಿಂಗ್ ಕಂಪನಿಗಳ ಮೂಲಕ ಬರುತ್ತಾರೆ. ಬಾಡಿಗೆ ಕಂಪನಿಗೆ ಹೋಗಿ, ಕಡಿತವಾಗಿ ನಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. ಈ ಹಣಕ್ಕೆ ತೆರಿಗೆ ಯಾರು ಕಟ್ಟಬೇಕು, ಯಾವ ಮೊತ್ತವನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

1. ಇದು ಕೃಷಿ ಆದಾಯವಲ್ಲ

ತೋಟದೊಳಗಿನ ಮನೆಯಾದ್ದರಿಂದ ಬಾಡಿಗೆಯೂ ಕೃಷಿ ಆದಾಯವೇ ಎಂದು ಕೆಲವರು ಭಾವಿಸಿದ್ದಾರೆ. ಇದು ತಪ್ಪು. ಅತಿಥಿಗಳಿಂದ ಬರುವ ಬಾಡಿಗೆ, ಊಟದ ಹಣಕ್ಕೆ ಕೃಷಿ ಆದಾಯದ ವಿನಾಯಿತಿ ಅನ್ವಯಿಸುವುದಿಲ್ಲ. ಆದಕಾರಣ ತೋಟದ ಲೆಕ್ಕವನ್ನೂ ಹೋಂಸ್ಟೇ ಲೆಕ್ಕವನ್ನೂ ಬೇರೆ ಬೇರೆ ಪುಸ್ತಕದಲ್ಲಿ ಇಡತಕ್ಕದ್ದು.

2. ಜಿಎಸ್‌ಟಿ ಯಾರ ಹೊಣೆ?

2017ರ ಜುಲೈ 1ರಂದು ಜಾರಿಗೆ ಬಂದ ಈ ತೆರಿಗೆಯಲ್ಲಿ, ಸೇವೆ ನೀಡುವವರ ಒಟ್ಟು ವಹಿವಾಟು ವರ್ಷಕ್ಕೆ 20 ಲಕ್ಷ ರೂಪಾಯಿ ಮೀರದಿದ್ದರೆ ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ಅಂಥವರ ಕೋಣೆಯನ್ನು ಆನ್‌ಲೈನ್ ಕಂಪನಿಯ ಮೂಲಕ ಕೊಟ್ಟಾಗ ತೆರಿಗೆಯನ್ನು ಕಂಪನಿಯೇ ಸರ್ಕಾರಕ್ಕೆ ಕಟ್ಟಬೇಕು. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ದರ ಶೇಕಡಾ 5. ಫೋನ್ ಮಾಡಿ ನೇರವಾಗಿ ಬರುವ ಅತಿಥಿಯಿಂದ, ನೋಂದಣಿ ಇಲ್ಲದವರು ತೆರಿಗೆಯ ಹೆಸರಿನಲ್ಲಿ ಹಣ ಪಡೆಯುವಂತಿಲ್ಲ.

ಇಲ್ಲೊಂದು ಎಚ್ಚರಿಕೆ. ಒಟ್ಟು ವಹಿವಾಟು ಎಂದರೆ ಕೋಣೆ ಬಾಡಿಗೆ ಮಾತ್ರವಲ್ಲ. ಒಂದೇ ಪ್ಯಾನ್ ಸಂಖ್ಯೆಯಡಿ ಮಾಡಿದ ತೆರಿಗೆರಹಿತ ಮಾರಾಟಗಳೂ ಅದರಲ್ಲಿ ಸೇರುತ್ತವೆ. ಸ್ವಂತ ಜಮೀನಿನ ಬೆಳೆಯ ಮಟ್ಟಿಗೆ ಕೃಷಿಕರಿಗೆ ನೋಂದಣಿಯಿಂದ ವಿನಾಯಿತಿ ಇದೆ, ನಿಜ. ಆದರೂ ಕಾಫಿ, ಅಡಿಕೆ ಮಾರಾಟ ಹೆಚ್ಚಿರುವವರು ಲೆಕ್ಕಪರಿಶೋಧಕರನ್ನು ಕೇಳದೆ ತೀರ್ಮಾನ ಮಾಡಬಾರದು.

3. ಕೈಗೆ ಬಂದದ್ದೇ ಆದಾಯವಲ್ಲ

ಮಂಡಿಯಿಂದ ಬರುವ ಪಟ್ಟಿ ನಮಗೆಲ್ಲ ಗೊತ್ತು. ಮೇಲೆ ಮಾರಿದ ಬೆಲೆ, ಕೆಳಗೆ ಲಾರಿ ಬಾಡಿಗೆ, ಹಮಾಲಿ ಮುಂತಾದ ಖರ್ಚು, ಕೊನೆಯಲ್ಲಿ ಕೈಗೆ ಬರುವ ಹಣ. ಬುಕಿಂಗ್ ಕಂಪನಿಯ ಲೆಕ್ಕವನ್ನೂ ಹೀಗೆಯೇ ಓದಬೇಕು.

ಕೋಣೆ ಬಾಡಿಗೆ 3,000 ರೂಪಾಯಿ, ಕಂಪನಿಯ ಕಮಿಷನ್ ಶೇಕಡಾ 15 ಎಂದಿಟ್ಟುಕೊಳ್ಳಿ. ಅತಿಥಿ ತೆರಿಗೆ 150 ಸೇರಿಸಿ 3,150 ಕೊಡುತ್ತಾನೆ. ಆ 150ನ್ನು ಕಂಪನಿ ಸರ್ಕಾರಕ್ಕೆ ಕಟ್ಟುತ್ತದೆ. ನಮ್ಮ 3,000ದಲ್ಲಿ ಕಮಿಷನ್ 450, ಕಮಿಷನ್ ಮೇಲಿನ ಶೇಕಡಾ 18 ಜಿಎಸ್‌ಟಿ 81 ಕಳೆದು 2,469 ಖಾತೆಗೆ ಬರುತ್ತದೆ.

ಪಾಸ್‌ಬುಕ್ ನೋಡಿ 2,469ನ್ನೇ ಆದಾಯವೆಂದು ಬರೆಯುವುದು ಸಾಮಾನ್ಯವಾಗಿ ಆಗುವ ತಪ್ಪು. ಜಮೆಯಲ್ಲಿ 3,000 ಬರೆದು, ಖರ್ಚಿನಲ್ಲಿ 531 ತೋರಿಸಬೇಕು. 20 ಲಕ್ಷದ ಮಿತಿಯನ್ನೂ 3,000ದಂತೆಯೇ ಎಣಿಸಬೇಕು. ಪಾಸ್‌ಬುಕ್ಕಿನಲ್ಲಿ ಮಿತಿಯೊಳಗಿದ್ದವರು ನಿಜದಲ್ಲಿ ಅದನ್ನು ದಾಟಿರಬಹುದು. ದಾಟಿದವರು ನೋಂದಣಿ ಮಾಡಿಸಿ ತಾವೇ ತೆರಿಗೆ ಕಟ್ಟಬೇಕು. ತಡವಾದರೆ ಬಡ್ಡಿ, ದಂಡ ನಮ್ಮ ತಲೆಗೇ.

4. ಮೂಲದಲ್ಲಿ ಕಡಿತ

ಆದಾಯ ತೆರಿಗೆಗಾಗಿ ಕಂಪನಿಯು ನಮ್ಮ ಹಣದಲ್ಲಿ ಮಾಡುವ ಕಡಿತ 2020ರ ಅಕ್ಟೋಬರ್ 1ರಂದು ಆರಂಭವಾಯಿತು. ಶೇಕಡಾ 1 ಇದ್ದ ದರ 2024ರ ಅಕ್ಟೋಬರ್ 1ರಿಂದ ಶೇಕಡಾ 0.1ಕ್ಕೆ ಇಳಿಯಿತು. ವ್ಯಕ್ತಿಗಳಿಗೆ ಹಾಗೂ ಹಿಂದೂ ಅವಿಭಕ್ತ ಕುಟುಂಬಗಳಿಗೆ, ಕಂಪನಿಯ ಮೂಲಕ ಆದ ವಹಿವಾಟು ವರ್ಷಕ್ಕೆ 5 ಲಕ್ಷ ಮೀರದಿದ್ದು, ಪ್ಯಾನ್ ಅಥವಾ ಆಧಾರ್ ಕೊಟ್ಟಿದ್ದರೆ ಕಡಿತವಿಲ್ಲ. ಕಡಿತವಾದಾಗ ಆ ವಹಿವಾಟಿನ ವಿವರ ಇಲಾಖೆಗೆ ತಲುಪುತ್ತದೆ. ನಮ್ಮ ಪುಸ್ತಕ ಅದಕ್ಕೆ ತಾಳೆಯಾಗದಿದ್ದರೆ ವಿವರಣೆ ಕೇಳಿ ಪತ್ರ ಬರಬಹುದು.

5. ಕರಾರು ಓದಿ ಸಹಿ ಮಾಡಿ

ತಮ್ಮಲ್ಲಿರುವುದಕ್ಕಿಂತ ಕಡಿಮೆ ದರಕ್ಕೆ ಬೇರೆಡೆ ಕೋಣೆ ಕೊಡಬಾರದೆಂಬ ಷರತ್ತನ್ನು ಕೆಲವು ಕರಾರುಗಳಲ್ಲಿ ಕಾಣಬಹುದು. ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್‌ನಲ್ಲಿ ಇಂಥ ಷರತ್ತೂ ಸೇರಿದ ಪ್ರಕರಣದಲ್ಲಿ ಮೇಕ್‌ಮೈಟ್ರಿಪ್-ಗೋಐಬಿಬೊಗೆ 223.48 ಕೋಟಿ ರೂಪಾಯಿ ದಂಡ ವಿಧಿಸಿತು. ಆದ್ದರಿಂದ ಕಮಿಷನ್ ಜೊತೆಗೆ ದರದ ಷರತ್ತನ್ನೂ ಓದಿಯೇ ಒಪ್ಪಿಕೊಳ್ಳಬೇಕು.

ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೆ. ಒಂದು ನೋಟ್‌ಬುಕ್ಕಿನಲ್ಲಿ ಐದು ಕಲಂ ಹಾಕಿ: ದಿನಾಂಕ, ಪೂರ್ತಿ ಬಾಡಿಗೆ, ಕಮಿಷನ್ ಮತ್ತು ಅದರ ತೆರಿಗೆ, ಮೂಲದಲ್ಲಿ ಕಡಿತ, ಕೈಗೆ ಬಂದದ್ದು. ಅತಿಥಿ ಹೊರಟ ದಿನವೇ ಬರೆಯಿರಿ. ಕಂಪನಿಯ ತಿಂಗಳ ಲೆಕ್ಕವನ್ನು ಅದಕ್ಕೆ ತಾಳೆ ನೋಡಿ, ಮಂಡಿಯ ಪಟ್ಟಿಯಂತೆಯೇ ಜೋಪಾನವಾಗಿಡಿ.