ಕೀಲ್ ಎತ್ತುವ ಮುನ್ನ

ಗೆಳೆಯರ ಜೊತೆ ಸೇರಿ ಬ್ರಿಸ್ಟಲ್‌ನಲ್ಲಿ ಹಳೇ ಹಾಯಿದೋಣಿ ಕೊಂಡಿದ್ದೀಯಂತೆ. ನಿಮ್ಮಮ್ಮ ಫೋಟೋ ತೋರಿಸಿದಳು. ಗಾಳಿ, ಹಾಯಿ ನನಗೆ ತಿಳಿಯದು ಕಣಮ್ಮ, ಅದನ್ನು ಅಲ್ಲಿನವರ ಹತ್ತಿರ ಕಲಿ. ಆದರೆ ಒಂದು ಫೋಟೋದಲ್ಲಿ ವಿಂಚು, ಅದರಿಂದಿಳಿದ ವೈರ್ ರೋಪು, ರೋಪಿನ ತುದಿಯಲ್ಲಿ ದೋಣಿಯಡಿಗೆ ಇಳಿಯುವ ಎರಕದ ಕಬ್ಬಿಣದ ಕೀಲ್ ಕಂಡವು. ಬಾಶೆಟ್ಟಿಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಮೇಂಟೆನೆನ್ಸ್ ಫಿಟ್ಟರಾಗಿ ತಲೆ ನರೆಸಿಕೊಂಡವನಿಗೆ ಅಷ್ಟು ಸಾಕು. ನಿನ್ನ ದೋಣಿಯೊಳಗಿರುವುದು ನೀರಲ್ಲಿ ಮುಳುಗಿರುವ ಹಾಯ್ಸ್ಟು.

ಕೀಲನ್ನು ಎತ್ತುವುದೇಕೆ ಅನ್ನುವುದು ನಿನಗೇ ಗೊತ್ತಿದೆ. ಬ್ರಿಸ್ಟಲ್ ಚಾನೆಲ್‌ನಲ್ಲಿ ಸಮುದ್ರದ ಏರಿಳಿತ 12 ಮೀಟರ್ ದಾಟುತ್ತದೆ, ನಮ್ಮ ಮಂಗಳೂರಲ್ಲಿ ಎರಡು ಮೀಟರೂ ಇಲ್ಲ. ನೀರಿಳಿದಾಗ ದೋಣಿ ಕೆಸರಿನ ಮೇಲೆ ಕೂರಬೇಕಲ್ಲ. ಹಲಸೂರು ಕೆರೆಯಲ್ಲಿ ಪುಟ್ಟ ಆಪ್ಟಿಮಿಸ್ಟ್ ದೋಣಿ ಓಡಿಸುವ ಮಕ್ಕಳೂ ನಡುವಿನ ಹಲಗೆಯನ್ನು ಕೈಯಲ್ಲೇ ಮೇಲೆಳೆಯುತ್ತಾರೆ. ಆ ಹಲಗೆ ಹಗುರ, ದೋಣಿ ಮಗುಚದಂತೆ ನೋಡಿಕೊಳ್ಳುವುದು ಮಕ್ಕಳ ಮೈಭಾರ. ನಿನ್ನ ದೋಣಿಯಲ್ಲಿ ಆ ಕೆಲಸ ಈ ಕಬ್ಬಿಣದ್ದು. ಅದು ಜಾರಿ ಬಿದ್ದರೂ ಕಷ್ಟ, ದೋಣಿ ವಾಲಿದಾಗ ಒಳಕ್ಕೆ ಸರಿದುಕೊಂಡರೂ ಕಷ್ಟ. ಕೀಲನ್ನು ಕೆಳಗೆ ಬಿಗಿದಿಡುವ ಬೋಲ್ಟು ಇದ್ದರೆ, ಆಳದ ನೀರಿಗೆ ಹೋಗುವಾಗ ಹಾಕದೆ ಹೊರಡಬೇಡ.

ರೋಪಿನ ನಡುಭಾಗವನ್ನು ಎಲ್ಲರೂ ಒರೆಸುತ್ತಾರೆ, ಅದು ಕಣ್ಣೆದುರೇ ಇರುತ್ತದೆ. ಹಿಂದೆ ಒಂದು ಕಾರ್ಖಾನೆಯ ಹಾಯ್ಸ್ಟಿನಲ್ಲಿ ರೋಪು ಹೊಚ್ಚಹೊಸದರಂತೆ ಮಿನುಗುತ್ತಿತ್ತು. ಗ್ರೀಸ್ ಒರೆಸಿ ತುದಿಯನ್ನು ಬಿಗಿದಿಡುವ ಫೆರುಲ್ ನೋಡಿದರೆ, ಅದರ ಬಾಯಲ್ಲೇ ಎಳೆಗಳು ಒಂದೊಂದಾಗಿ ತುಂಡಾಗಿದ್ದವು. ಭಾರವೂ ಬಾಗುವಿಕೆಯೂ ಸೇರುವುದು ಅಲ್ಲೇ. ಇನ್ನೊಂದು ಜಾಗ, ಪುಲ್ಲಿಯ ಮೇಲೆ ರೋಪು ದಿನಾ ಮಡಿಯುವ ಗೇಣುದ್ದ. ಬಟ್ಟೆ ಸುತ್ತಿ ಎಳೆ, ಒಂದು ಎಳೆ ಬಟ್ಟೆಗೆ ಸಿಕ್ಕಿಕೊಂಡರೂ ರೋಪು ಬದಲಿಸು. ‘ಸ್ಟೇನ್‌ಲೆಸ್ ಅಲ್ವಾ’ ಅನ್ನಬೇಡ. ಅದನ್ನು ಕಾಯುವ ತೆಳುಪದರಕ್ಕೆ ಆಮ್ಲಜನಕ ಬೇಕು. ಗಾಳಿಯಾಡದ ಸಂದಿಯಲ್ಲಿ ಉಪ್ಪುನೀರು ನಿಂತರೆ ಹೊರಗೆ ಹೊಳೆಯುತ್ತಲೇ ಒಳಗೆ ಗುಂಡಿ ಬೀಳುತ್ತದೆ.

ವಿಂಚಿನ ಹಲ್ಲುಗಳಿಗೆ ಗ್ರೀಸ್ ಹಾಕು, ಬ್ರೇಕಿನ ತಟ್ಟೆಗಳಿಗೆ ಒಂದು ಹನಿಯೂ ತಾಗಿಸಬೇಡ. ಪ್ರೀತಿಯಿಂದ ಎಣ್ಣೆ ಬಿಟ್ಟು ಬ್ರೇಕು ಜಾರಿಸಿಕೊಂಡವರನ್ನು ಕಂಡಿದ್ದೇನೆ.

ಕೀಲ್ ಕೂರುವ ಗೂಡಲ್ಲಿ ಚಿಪ್ಪುಹುಳ ಕಟ್ಟಿಕೊಂಡರೆ ಅದು ಇಳಿಯುವುದಿಲ್ಲ. ವರ್ಷವರ್ಷ ಬಣ್ಣದ ಮೇಲೆ ಬಣ್ಣ ಬಳಿದರೂ ಅದೇ ಗತಿ. ತುಕ್ಕು ಕೆರೆದು, ಎಪಾಕ್ಸಿ ತೆಳ್ಳಗೆ ಹಚ್ಚು. ಸತುವಿನ ತುಂಡು ಕಟ್ಟಿರುತ್ತಾರೆ, ಕೀಲಿನ ಬದಲು ತಾನು ಕರಗಲಿ ಅಂತ. ಅದರ ಮೇಲೆ ಮಾತ್ರ ಬಣ್ಣ ಬೇಡ.

ನೆಲಕ್ಕೆ ತಾಗಿದರೆ ನಕ್ಕು ಮರೆತುಬಿಡಬೇಡ. 2014ರ ಮೇ ತಿಂಗಳಲ್ಲಿ ‘ಚೀಕಿ ರಫೀಕಿ’ ಅನ್ನುವ ಬ್ರಿಟಿಷ್ ದೋಣಿಯ ಕೀಲ್ ಅಟ್ಲಾಂಟಿಕ್ ನಡುವೆ ಕಳಚಿತು, ನಾಲ್ವರು ಹೋದರು. ಅದು ಬೋಲ್ಟು ಬಿಗಿದು ಕೂರಿಸಿದ ಕೀಲ್, ನಿನ್ನದರಂತಲ್ಲ. ಹಿಂದೆ ನೆಲ ತಾಗಿದ್ದು, ಆಮೇಲಿನ ರಿಪೇರಿ, ಎರಡೂ ಸೇರಿ ಒಳಗೇ ಸಡಿಲವಾಗಿರಬಹುದೆಂದು ತನಿಖೆ ಮಾಡಿದವರು ಬರೆದರು. ತಾಗಿದ ಮರುದಿನವೇ ಪಿನ್ನು, ಗೂಡಿನ ಮೂಲೆ, ಒಳಗೆ ನೀರು ಜಿನುಗಿದ ಗುರುತು ಇವನ್ನೆಲ್ಲ ನೋಡು.

ಕೀಲಿನ ಕೆಳಗೆ ಕೈ ಹಾಕುವ ಮುನ್ನ ಮರದ ದಿಮ್ಮಿ ಕೊಟ್ಟು ಭಾರವನ್ನೆಲ್ಲ ಅದರ ಮೇಲಿಳಿಸು. ಬ್ರೇಕನ್ನು ನಂಬಿ ತೂಗುವ ಭಾರದಡಿ ನುಸುಳುವವರಿಗೆ ನಾನು ಗೇಟು ತೋರಿಸುತ್ತಿದ್ದೆ. ನಾವು ಕೆಲಸ ಕಲಿತ ಕಾಲಕ್ಕೆ 1948ರ ಕಾರ್ಖಾನೆ ಕಾಯ್ದೆಯಿತ್ತು. ಭಾರ ಎತ್ತುವ ಯಂತ್ರ, ಸರಪಳಿ, ಹಗ್ಗಗಳನ್ನು 12 ತಿಂಗಳಿಗೊಮ್ಮೆಯಾದರೂ ಬಲ್ಲವರು ಪರೀಕ್ಷಿಸಲೇಬೇಕಿತ್ತು. ನಿನ್ನ ದೋಣಿಗೆ ಇನ್‌ಸ್ಪೆಕ್ಟರ್ ಬರುವುದಿಲ್ಲ. ಹಾಗಾಗಿ ಒಂದು ಲಾಗ್ ಬುಕ್ ಇಡು, ರೋಪು ಹಾಕಿದ ತಾರೀಖಿನಿಂದ ಶುರುಮಾಡು.

ಚಳಿಗಾಲಕ್ಕೆ ದೋಣಿ ದಡಕ್ಕೆ ಬಂದಾಗ, ಕೀಲ್ ಪಿನ್ನಿನ ಮೇಲೆ ತಿರುಗುವ ಬಗೆಯದಾದರೆ ಆ ಪಿನ್ನನ್ನು ಬಿಚ್ಚಿಸು. ನಡುವೆ, ಎರಡು ತುದಿಯಲ್ಲಿ, ಒಂದೊಂದು ಕಡೆಯೂ ಅಡ್ಡ ಉದ್ದ ಎರಡು ಅಳತೆ ತೆಗೆದು ವಾಟ್ಸಾಪ್ ಮಾಡು. ತೂತು ಮೊಟ್ಟೆಯಾಕಾರವಾಗಿದೆಯಾ ಅನ್ನುವುದನ್ನೂ ನೋಡು. ಸ್ಕೇಲಿನಲ್ಲಿ ಅಳೆದು ಕಳಿಸಬೇಡ, ವರ್ನಿಯರ್ ಇಲ್ಲದಿದ್ದರೆ ಮುಂದಿನ ಸಲ ಊರಿಗೆ ಬಂದಾಗ ನನ್ನದನ್ನೇ ತಗೊಂಡು ಹೋಗು.