ಇಂದಿನ ಧಮ್ಮ ಚಿಂತನೆ: ಅತ್ತೆ, ಚಿಕ್ಕಮ್ಮಂದಿರ ಮೈತ್ರಿ



ಸಿದ್ಧಾರ್ಥ ಹುಟ್ಟಿದ ಏಳನೇ ದಿನಕ್ಕೆ ತಾಯಿ ಮಹಾಮಾಯೆ ತೀರಿಕೊಂಡರು. ಎದೆಹಾಲು ಕೊಟ್ಟು ಸಾಕಿದವರು ಚಿಕ್ಕಮ್ಮ ಮಹಾಪ್ರಜಾಪತಿ ಗೌತಮಿ. ಬಾಬಾಸಾಹೇಬರೂ ಚಿಕ್ಕಂದಿನಲ್ಲೇ ತಾಯಿ ಭೀಮಾಬಾಯಿಯವರನ್ನು ಕಳೆದುಕೊಂಡರು. ಅವರನ್ನು ನೋಡಿಕೊಂಡವರು ತಂದೆ ರಾಮಜಿಯವರ ಸೋದರಿ, ಅತ್ತೆ ಮೀರಾಬಾಯಿ. ನಾವು ದಿನವೂ ನೆನೆಯುವ ಈ ಇಬ್ಬರೂ ಹೆತ್ತವಳಲ್ಲದ ಹೆಣ್ಣಿನ ಮಡಿಲಲ್ಲಿ ಬೆಳೆದವರು. ಹಾಗಾಗಿ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಆಗುವುದು ಸಣ್ಣ ಜವಾಬ್ದಾರಿಯಲ್ಲ.

ಮಕ್ಕಳು ಬೆಳೆದಂತೆ ಈ ಪ್ರೀತಿಯೂ ಬೆಳೆಯಬೇಕು. ಆಚಾರ್ಯ ಬುದ್ಧಘೋಷರು ವಿಸುದ್ಧಿಮಗ್ಗದಲ್ಲಿ ನಾಲ್ಕು ಬ್ರಹ್ಮವಿಹಾರಗಳನ್ನು ನಾಲ್ವರು ಮಕ್ಕಳ ತಾಯಿಗೆ ಹೋಲಿಸುತ್ತಾರೆ. ಅದನ್ನು ನಮ್ಮ ಮನೆಗೆ ತಂದುಕೊಳ್ಳೋಣ.

*1. ಮೈತ್ರಿ:* ಎಳೆಯ ಮಗು ಚೆನ್ನಾಗಿ ಬೆಳೆಯಲಿ ಎಂಬ ಹಾರೈಕೆ. ಅಣ್ಣನ ಮಗನಿಗೊಂದು, ಮಗಳಿಗೊಂದು ಎಂಬ ಭೇದ ಇಲ್ಲಿ ಇರಬಾರದು. ತಟ್ಟೆಯಲ್ಲೂ ಸಮ, ಪುಸ್ತಕದಲ್ಲೂ ಸಮ.

*2. ಕರುಣೆ:* ಕಾಯಿಲೆಯ ಮಗು ಚೇತರಿಸಿಕೊಳ್ಳಲಿ ಎಂಬ ಹಾರೈಕೆ. ಪರೀಕ್ಷೆಯಲ್ಲಿ ಫೇಲಾದ ಹುಡುಗ, ಕಾಲೇಜಿನಲ್ಲಿ ಜಾತಿಯ ಮಾತು ಕೇಳಿ ಕುಗ್ಗಿದ ಹುಡುಗಿ, ಅಪ್ಪ ಅಮ್ಮನಿಗೆ ಹೇಳಲಾಗದ್ದನ್ನು ಎಷ್ಟೋ ಸಲ ಅತ್ತೆಯ ಹತ್ತಿರ ಹೇಳುತ್ತಾರೆ. ಬುದ್ಧಿವಾದ ಆಮೇಲೆ ಇರಲಿ, ಮೊದಲು ಪೂರ್ತಿ ಕೇಳಿಸಿಕೊಳ್ಳೋಣ.

*3. ಮುದಿತಾ:* ಹರೆಯಕ್ಕೆ ಬಂದ ಮಗುವಿನ ಸುಖ ಉಳಿಯಲಿ ಎಂಬ ಹಾರೈಕೆ. ತಂಗಿಯ ಮಗಳಿಗೆ ಒಳ್ಳೆ ಸೀಟು ಸಿಕ್ಕಾಗ "ನಮ್ಮವನಿಗೆ ಸಿಗಲಿಲ್ಲ" ಎಂದು ಮನಸ್ಸು ಹೋಲಿಸುತ್ತದೆ. ಅದನ್ನು ಗಮನಿಸಿ ಬಿಟ್ಟು, ಅವಳ ಸಂತೋಷದಲ್ಲಿ ಸೇರುವುದೇ ಮುದಿತಾ.

*4. ಉಪೇಕ್ಖಾ:* ತನ್ನ ಬದುಕು ತಾನು ನಡೆಸುತ್ತಿರುವ ಮಗುವಿನ ಬಗ್ಗೆ ತಳಮಳ ಬಿಡುವುದು. ಕನ್ನಡದಲ್ಲಿ ಉಪೇಕ್ಷೆ ಅಂದರೆ ಅಸಡ್ಡೆ. ಧಮ್ಮದಲ್ಲಿ ಅದು ಸಮಚಿತ್ತ. ಅಸಡ್ಡೆಯಲ್ಲಿ ಪ್ರೀತಿ ಇಲ್ಲ, ಸಮಚಿತ್ತದಲ್ಲಿ ಪ್ರೀತಿ ಇದೆ, ಹಿಡಿತ ಇಲ್ಲ.

ನಾಲ್ಕನೆಯದೇ ನಮಗೆ ಕಷ್ಟ. ನಮ್ಮ ಮಾತಿನಲ್ಲಿ ಅಣ್ಣನ ಮಗಳೂ ಸೊಸೆ, ಮಗನ ಹೆಂಡತಿಯೂ ಸೊಸೆ. ಮಗು ತೊಟ್ಟಿಲಲ್ಲಿರುವಾಗಲೇ "ಇವಳು ನಮ್ಮ ಮನೆ ಸೊಸೆ" ಎಂದು ನಗುತ್ತೇವೆ. ಪಿಯುಸಿ ಮುಗಿಯುವ ಹೊತ್ತಿಗೆ ಆ ತಮಾಷೆ ಹಕ್ಕಾಗಿ ನಿಲ್ಲುತ್ತದೆ. "ಇನ್ನೆಷ್ಟು ಓದಿಸ್ತೀರಿ?" ಎಂದು ಅಣ್ಣನನ್ನು ಕೇಳುವವರು ಕೆಲವೊಮ್ಮೆ ಪ್ರೀತಿಯ ಅತ್ತೆಯೇ. 1942ರಲ್ಲಿ ನಾಗಪುರದ ಮಹಿಳಾ ಸಮ್ಮೇಳನದಲ್ಲಿ ಬಾಬಾಸಾಹೇಬರು ನಮ್ಮ ತಾಯಂದಿರಿಗೆ ಹೇಳಿದ್ದು ಇದನ್ನೇ: ಮಕ್ಕಳಿಗೆ ವಿದ್ಯೆ ಕೊಡಿ, ಮದುವೆಗೆ ಅವಸರ ಮಾಡಬೇಡಿ. ಮನೆಯಲ್ಲಿ ಆ ಮಾತನ್ನು ಎತ್ತಿ ಹಿಡಿಯಲು ಅತ್ತೆಗಿಂತ ಬಲವಾದವರು ಯಾರಿದ್ದಾರೆ? ಅವಳು "ಹುಡುಗಿ ಓದಲಿ" ಅಂದರೆ ಅಣ್ಣ ಕೇಳುತ್ತಾನೆ.

ಗೌತಮಿ ಒಮ್ಮೆ ಕೈಯಾರೆ ನೂತು ನೇಯ್ದ ಬಟ್ಟೆಯನ್ನು ಬುದ್ಧರಿಗೆಂದೇ ತಂದರು. ಅದನ್ನು ಸಂಘಕ್ಕೆ ಕೊಡಿ ಎಂದರು ಬುದ್ಧರು. ಒಬ್ಬನಿಗಾಗಿ ನೇಯ್ದ ಪ್ರೀತಿ ಎಲ್ಲರಿಗೂ ಹರಡಲಿ ಎಂಬ ಪಾಠ ಅದರಲ್ಲಿದೆ. ನಮ್ಮ ಅಣ್ಣನ ಮಕ್ಕಳ ಜೊತೆಗೆ ಕೇರಿಯ ಮಕ್ಕಳಿಗೂ ನಾವು ಅತ್ತೆಯೇ.

*ಇಂದಿನ ಅಭ್ಯಾಸ:* ಒಬ್ಬ ಸೊಸೆಗೋ ಅಳಿಯನಿಗೋ ಫೋನ್ ಮಾಡಿ. ಮಾರ್ಕ್ಸ್, ಮದುವೆ ಎರಡನ್ನೂ ಕೇಳಬೇಡಿ. "ಹೇಗಿದ್ದೀಯಪ್ಪಾ, ಹೇಗಿದ್ದೀಯಮ್ಮಾ" ಎಂದು ಕೇಳಿ, ಉತ್ತರ ಮುಗಿಯುವವರೆಗೆ ಸುಮ್ಮನಿರಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು 🙏